ನೀನು ಗುರುತಿಸಿದ ಸಹಿ

ಅಮ್ಮಾ,

ತಂಗಿ ನನ್ನ ಸಹಿಯನ್ನು ತಾನೇ ಹಾಕಿ ನನ್ನ ಪಾಲಿನ ಮನೆ ಮಾರಿದ ಕೇಸು ನಾಳೆ ಮುಗಿಯುತ್ತದೆ. ನಾನು ರಾಜಿಗೆ ಒಪ್ಪಿದರೆ ಅವಳಿಗೆ ಜೈಲು ತಪ್ಪುತ್ತದೆಯಂತೆ.

ಅವತ್ತು ಸಾಕ್ಷಿಕಟ್ಟೆಯಲ್ಲಿ ನನ್ನ ಹೆಸರಿನ ಎರಡು ಸಹಿ ತೋರಿಸಿದಾಗ ನೀನು ಕನ್ನಡಕವನ್ನೂ ಹಾಕಿಕೊಳ್ಳದೆ, "ಅಯ್ಯೋ, ಇದು ನಮ್ಮ ಚಿಕ್ಕೋಳ ಕೈ! ಕೊನೇಲಿ ಬಾಲ ನೋಡಿ, ಮೂರನೇ ಕ್ಲಾಸಿಂದ ಹೀಗೇ ಎಳೀತಾಳೆ" ಅಂದೆ. ಇನ್ನೊಂದು ಯಾರದ್ದೆಂದು ಕೇಳಿದರೆ, "ಗೊತ್ತಾಗ್ತಿಲ್ಲ ಸ್ವಾಮಿ" ಅಂದೆ. ಅದು ನನ್ನದು.

ನಿನ್ನ ಮಾತಿನಿಂದಲೇ ಕೇಸು ನನ್ನ ಕಡೆ ತಿರುಗಿತು. ಆದರೂ ನನ್ನ ಹೊಟ್ಟೆ ಉರಿಯಿತು. ನಾನು ಕೋರ್ಟಿಗೆ ಹೋದದ್ದು ಮನೆಗಾಗಿಯೋ, ನೀನು ಯಾರ ಕಡೆ ಎಂದು ನೋಡುವುದಕ್ಕೋ, ನನಗೇ ತಿಳಿಯದು.

ರಾಜಿಗೆ ಒಪ್ಪುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಬಾ. ಅವಳ ಪಕ್ಕ ಕೂರುವುದು ಮುಂದೆ ಇದ್ದೇ ಇದೆ. ನಾಳೆ ಒಂದು ದಿನ ನನ್ನ ಬೆಂಚಿನಲ್ಲಿ ಕೂರು.

ನಿನ್ನ ದೊಡ್ಡವಳು