ಅಪ್ಪನ ಅಳತೆಯ ಲೆಕ್ಕ

ಅಂಗಡಿಯ ಮೇಲಿನ ಮನೆ
ಸೋಮವಾರ ಬೆಳಿಗ್ಗೆ

ನನ್ನ ಮುದ್ದು ಮಗಳಿಗೆ,

ಹೇಗಿದ್ದೀಯ? ಪುಟಾಣಿ ಒದೆಯುತ್ತಿದೆ ತಾನೆ? ಕಾಲಿನ ಬಾವು ಇಳಿಯಿತಾ? ನಿನ್ನೆಯಿಂದ ನಿನ್ನ ಫೋನು ಹತ್ತುತ್ತಿಲ್ಲ, ಅಳಿಯಂದಿರದೂ ಇಲ್ಲ. ಅದಕ್ಕೇ ನಿಮ್ಮ ಕಡೆ ಹೊರಟಿದ್ದ ವ್ಯಾನಿನವನನ್ನು ತಡೆದು ನಿಲ್ಲಿಸಿ ಬರೆಯುತ್ತಿದ್ದೇನೆ. ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ.

ನಿಮ್ಮಪ್ಪ ಶನಿವಾರ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ಕುಸಿದರು. ಗಾಬರಿಯಾಗಬೇಡ, ಈಗ ಅಡುಗೆಗೆ ಉಪ್ಪಿಲ್ಲವೆಂದು ಗೊಣಗುವಷ್ಟು ಚೆನ್ನಾಗಿದ್ದಾರೆ. ಬಿಪಿ ನೂರಾ ಎಂಬತ್ತು ದಾಟಿತ್ತಂತೆ. ಅವರ ವಾದ ನಿನಗೆ ಗೊತ್ತಲ್ಲ. "ವಯಸ್ಸಾದ ಹಾಗೆ ಸೊಂಟದ ಅಳತೆ ಬೆಳೆಯಲ್ವಾ, ಇದೂ ಹಾಗೇನೇ. ನೂರಕ್ಕೆ ವಯಸ್ಸು ಕೂಡಿಸು, ಸರಿಹೋಯ್ತು." ನಿನ್ನೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸಮ್ಮನ ಮುಂದೆಯೂ ಅದನ್ನೇ ಹೇಳಿದರು, ಪುಣ್ಯಾತ್ಮ. ಆಕೆ ನಗಲಿಲ್ಲ. ಚಿಕ್ಕಮಕ್ಕಳಿಗೆ ಕಡಿಮೆ ಇರುವುದು ಸಹಜ, ದೊಡ್ಡವರಿಗೆ ನೂರಿಪ್ಪತ್ತು, ಎಂಬತ್ತರೊಳಗೆ ಇದ್ದರೆ ಒಳ್ಳೆಯದು ಎಂದರು. ಮುಪ್ಪಿನಲ್ಲಿ ರಕ್ತನಾಳ ಗಡುಸಾಗಿ ಮೇಲಿನ ಅಂಕಿ ಏರುವುದು ಬಹಳ ಜನರಲ್ಲಿ ಕಾಣುತ್ತದಂತೆ, ಹಾಗೆಂದು ಅದು ಆರೋಗ್ಯವಲ್ಲವಂತೆ.

ಆಮೇಲೆ ಅಪ್ಪ ಸಣ್ಣ ದನಿಯಲ್ಲಿ, "ಬಸುರಿಗೆ?" ಅಂದರು. ನನಗೆ ಆಗಲೇ ನಿನ್ನ ಅಂಕಿ ನೆನಪಾಯಿತು. ಹೋದ ವಾರ ಔಷಧಿ ಅಂಗಡಿಯಲ್ಲಿ ಬಿಪಿ ನೋಡಿಸಿದಾಗ ನೂರೈವತ್ತು, ನೂರು ಬಂತೆಂದು ನೀನು ಹೇಳಿದ್ದೆ. "ಎರಡು ಜೀವ ಅಲ್ವೇನೇ, ಅಳತೆ ದೊಡ್ಡದಾಗಲೇಬೇಕು" ಎಂದು ಧೈರ್ಯ ಹೇಳಿದ್ದು ಇವರೇ. ಬಸುರಿಯರ ಅಂಗಿಗೆ ಸಡಿಲ ಬಿಟ್ಟು ಬಿಟ್ಟು ಅಭ್ಯಾಸವಾದ ಕೈ, ತಲೆಯೂ ಹಾಗೇ ಓಡಿತು. ನಾನು ಆ ಅಂಕಿ ಹೇಳಿದ ಕೂಡಲೇ ನರ್ಸಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು, ಮಗಳು ಎಲ್ಲಿದ್ದಾಳೆ ಎಂದು ಕೇಳಿದರು.

ಅಳಿಯಂದಿರಿಗೆ ನಮ್ಮ ನೆನಪು ತಿಳಿಸು. ತಾಯಿ ಮಗು ಇಬ್ಬರೂ ನೂರು ಕಾಲ ಬಾಳಿ.

ನಿನ್ನ ಅಮ್ಮ

ತಾ.ಕ.: ಇದನ್ನು ಮರೆತಿರಲಿಲ್ಲ, ನೀನು ಹೆದರಬಾರದೆಂದು ಸುತ್ತಿ ಬಳಸಿ ಬಂದೆ. ಬಸುರಿಗೆ ಮೇಲಿನದು ನೂರಾ ನಲವತ್ತು, ಕೆಳಗಿನದು ತೊಂಬತ್ತು, ಎರಡರಲ್ಲಿ ಒಂದು ಮುಟ್ಟಿದರೂ ಡಾಕ್ಟರನ್ನು ಕಾಣಲೇಬೇಕಂತೆ. ನಿನಗೆ ತಲೆನೋವು ಬೇರೆ, ಕಣ್ಣು ಮಂಜು ಅಂತಲೂ ಅಂದಿದ್ದೆ. ಒಂದು ಗಳಿಗೆಯೂ ಕಾಯುವ ಹಾಗಿಲ್ಲವಂತೆ. ವ್ಯಾನಿನವನನ್ನು ಬಿಡಬೇಡ, ಅದರಲ್ಲೇ ಆಸ್ಪತ್ರೆಗೆ ಹೋಗು, ಅವನಿಗೆ ಹೇಳಿದ್ದೇನೆ. ಜೊತೆಗಿರುವ ಅಂಗಿ ಅಪ್ಪ ನಿನಗೆಂದು ಹೊಲಿದದ್ದು. ಸಡಿಲ ಬಿಡುವುದು ಬಟ್ಟೆಗೆ ಮಾತ್ರ ಅಂತ ಹೇಳು ಎಂದರು. ಹೊಲಿಗೆ ಸೊಟ್ಟಗಿದೆ, ಬೇಡವೆಂದರೂ ರಾತ್ರಿಯೇ ಕೂತು ಮುಗಿಸಿದರು.