ಚಂದ್ರವ್ವನ ಪರವಾಗಿ ನಾನು ಕೊಟ್ಟ ಉತ್ತರ

ಮಂಗಳವಾರ, ೧೪ ಅಕ್ಟೋಬರ್. ಮುಲುಂಡ್.



ಕೆಲಸದ ವಿಡಿಯೋ ಕರೆ ನಿಂತಾಗಲೆಲ್ಲ ಇಂಟರ್‌ನೆಟ್‌ನವನನ್ನೇ ಬೈಯುತ್ತಿದ್ದೆ. ಇವತ್ತು ಸಂಜೆ ಮಗಳು ಮಾಧುರಿ ಅದೇ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟು ವಿಡಿಯೋ ಹಚ್ಚಿ ನೋಡಿದಳು. ಒಂದು ಸಲವೂ ನಿಲ್ಲಲಿಲ್ಲ. "ಅವ್ವಾ, ಲೈನ್ ಠೀಕ್ ಐತಿ. ನಿನ್ನ ಕಂಪ್ಯೂಟರೇ ಹಳೇದು. ಅದರಾಗಿನ ವೈಫೈ ಕಾರ್ಡಿಗೆ ಇಷ್ಟು ಎಳೆಯಾಕ ಆಗೂದಿಲ್ಲ."

ಹನ್ನೆರಡು ವರ್ಷದ ಆ ಡಬ್ಬಿಯ ಮುಂದೆ ಕುಳಿತೇ ನಾನು ಕನ್ನಡದ ರೋಗಿಗಳ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳುವುದು.

ಬೆಳಿಗ್ಗೆ ಪರದೆಯ ಮೇಲೆ ಡಾಕ್ಟರ ಎದುರು ಕುಳಿತಿದ್ದವಳು ಚಂದ್ರವ್ವ, ಗೋರೆಗಾಂವ್‌ನಲ್ಲಿ ಗಾರೆ ಕೆಲಸದವಳು. ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಡಾಕ್ಟರು ಕೇಳಿದರು. ಅವಳು ಬಾಯಿ ತೆರೆದಳು, ಚಿತ್ರ, ದನಿ ಎರಡೂ ಅಲ್ಲೇ ನಿಂತವು. ಅದಾಗಲೇ ಎರಡು ಸಲ ಅವಳಿಂದ ಮತ್ತೆ ಹೇಳಿಸಿದ್ದೆ. ಮೂರನೆಯ ಸಲ ಕೇಳಲು ನಾಚಿಕೆಯಾಗಿ, ನಾನೇ "ಇಲ್ಲ" ಎಂದುಬಿಟ್ಟೆ. ಎಲ್ಲರೂ ಹೇಳುವುದು ಅದನ್ನೇ.

ತಪ್ಪು ನನ್ನ ಕಡೆಯದೇ ಎಂದು ಈಗ ಗೊತ್ತಾಯಿತಲ್ಲ. ಧೈರ್ಯ ಮಾಡಿ ಡಾಕ್ಟರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೆಳಿಗ್ಗೆ ಬರೆದುಕೊಟ್ಟ ಗುಳಿಗೆ ತಗೊಳ್ಳಬೇಡ ಎಂದು ಚಂದ್ರವ್ವನಿಗೆ ಈಗಲೇ ತಿಳಿಸುತ್ತೇನೆ ಎಂದರು. ಆಮೇಲೆ, ಹೀಗೆ ಮಾಡಿದ್ದು ಇದೇ ಮೊದಲ ಸಲವೇ ಎಂದು ಕೇಳಿದರು.

ಫೋನಿನಲ್ಲಿ ಅವರ ದನಿ ನಿಚ್ಚಳವಾಗಿತ್ತು. ನಾನು "ಹಲೋ? ಹಲೋ?" ಎನ್ನುತ್ತ ಕಟ್ ಮಾಡಿದೆ.