ಜಾಲರಿ ತೆಗೆದ ತಿಂಗಳು

ಮಾರ್ಚ್ 3, ಮಧ್ಯಾಹ್ನ

ಮತ್ತೆ ಕಾಲರ್. ಜೈಲಿನ ಹೊಲಿಗೆ ಕೋಣೆಯಲ್ಲಿ ಬೆಳಿಗ್ಗೆಯಿಂದ ಬರೀ ಕಾಲರ್. ಒಂದನ್ನು ತಲೆಕೆಳಗಾಗಿ ಹೊಲಿದೆ. ಬೈಸಿಕೊಂಡೆ. ಬೈಯಲಿ! ಸೂಪರಿಂಟೆಂಡೆಂಟ್ ಮೇಡಂ ಬಂದು ಹೇಳಿದ ಸುದ್ದಿಯೇ ಹಾಗಿತ್ತು — ಭೇಟಿ ಕೋಣೆಯ ಜಾಲರಿ ತೆಗೆಸುತ್ತಾರಂತೆ. ಮೇಜು, ಕುರ್ಚಿ ಹಾಕುತ್ತಾರಂತೆ. ಮಕ್ಕಳನ್ನು ಮುಟ್ಟಬಹುದಂತೆ! ಮೊದಲ ಸರದಿಯಲ್ಲೇ ನನ್ನ ಹೆಸರು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಗಳು ಪುಟ್ಟಿಗೆ ಹಲ್ಲು ಮೂಡುವಾಗ ನನ್ನಕ್ಕ ಇಲ್ಲಿಂದ ಎತ್ತಿಕೊಂಡು ಹೋದಳು. ಈಗ ಶಾಲೆ, ಎರಡು ಜಡೆ. ಅಲ್ಲಿಂದೀಚೆಗೆ ನೋಡಿದ್ದೆಲ್ಲ ಜಾಲರಿಯ ಸಂದಿಯಿಂದಲೇ. ಹೋದ ಸಲ ಕಿರುಚಿ ಕೇಳಿದ್ದಳು, "ಅಮ್ಮಾ, ನಿನ್ನ ಕೈ ತಣ್ಣಗಿರತ್ತಾ, ಬೆಚ್ಚಗಿರತ್ತಾ?" ಅಷ್ಟು ಜನರ ಗಲಾಟೆಯಲ್ಲಿ ನನ್ನ ಉತ್ತರ ಅವಳಿಗೆ ಕೇಳಿಸಲಿಲ್ಲ.

ಮಾರ್ಚ್ 4

ದೊಡ್ಡಮ್ಮನಿಗೆ ಹೇಳಿದೆ. ನಮ್ಮ ಬ್ಯಾರಕ್‌ನಲ್ಲಿ ಅವಳೇ ಹಿರಿಯಳು. "ನಾನು ಬಂದಾಗ ಇದು ಗೋಣಿಚೀಲದ ಗೋದಾಮು ಕಣೇ. ಗಂಡಸರ ಜೈಲಲ್ಲಿ ಜಾಗ ಇಲ್ಲ ಅಂತ ನಮ್ಮನ್ನ ತಂದು ಇಲ್ಲಿ ತುಂಬಿದ್ರು. ಕಿಟಕಿ ಇಲ್ಲ, ಎಲ್ಲರಿಗೂ ಒಂದೇ ನಲ್ಲಿ. ಹೆರಿಗೆ ಆದ್ರೂ ಗೋಣಿ ಮೇಲೇನೇ."

ಈಗ ಕಿಟಕಿ ಇದೆ. ಮಲಗಿದರೆ ಮಗ್ಗುಲು ಬದಲಿಸಲು ಮಾತ್ರ ಪಕ್ಕದವಳನ್ನು ಎಬ್ಬಿಸಬೇಕು.

ದೊಡ್ಡಮ್ಮನ ಮಗ ಮೀಸೆ ಬಂದಮೇಲೆ ಭೇಟಿಗೆ ಬರುವುದನ್ನೇ ಬಿಟ್ಟ. ಜಾಲರಿಯ ಮುಂದೆ ಕಿರುಚುವುದಕ್ಕೆ ನಾಚಿಕೆಯಂತೆ. ಹೇಳಿ ನಕ್ಕಳು. ಆಮೇಲೆ ನನ್ನ ತಲೆ ಬಾಚುತ್ತಾ ಕೂತಳು.

ಮಾರ್ಚ್ 9

ಸೀರೆ ಒಗೆದು ಮಡಿಸಿ ಹಾಸಿಗೆಯಡಿ ಇಟ್ಟೆ, ಇಸ್ತ್ರಿಯಾಗಲಿ ಎಂದು. ಪಕ್ಕದ ಹಾಸಿಗೆಯ ಗುಂಡುಸೂಜಿ ಬಿಡುತ್ತಾಳೆಯೇ? ಸಣಕಲು ದೇಹ, ಚುಚ್ಚುವ ಬಾಯಿ, ಅದಕ್ಕೇ ಆ ಅಡ್ಡಹೆಸರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ನೋಡ್ರೇ!"

ನಗಲಿ. ನನಗಿರುವ ಭಯವೇ ಬೇರೆ. ಪುಟ್ಟಿ ಹತ್ತಿರ ಬರದೆ ಅಕ್ಕನ ಹಿಂದೆ ಅವಿತುಕೊಂಡರೆ?

ಮಾರ್ಚ್ 14, ಸಂಜೆ

ಇವತ್ತಿನದನ್ನು ಬರೆಯಲೇಬೇಕು.

ವಾರ್ಡರಮ್ಮ ಭೇಟಿ ಕೋಣೆಯವರೆಗೆ ಬಿಟ್ಟು, "ಹೋಗು" ಎಂದು ಹೇಳಿ ಆಫೀಸಿಗೆ ಓಡಿದಳು. ನಾನು ನಿಂತೆ. ಬಾಗಿಲ ಪಕ್ಕ, ಗೋಡೆಗೆ ಮುಖ, ಕೈ ಹಿಂದೆ — ಇಲ್ಲಿ ಯಾವ ಬಾಗಿಲಿಗೂ ಹಾಗೆಯೇ ನಿಲ್ಲುವುದು. ಬೀಗದ ಕೈ ಇದ್ದವರು ಬಂದು ತೆಗೆಯಬೇಕು. ಮಾತಾಡಿದರೆ ಭೇಟಿ ರದ್ದು. ಕಾದೆ. ಯಾರೂ ಬರಲಿಲ್ಲ.

ಒಳಗಿನಿಂದ ಅಕ್ಕನ ದನಿ. "ಬರಲ್ವೇನೋ ಪುಟ್ಟಿ. ಟೈಮ್ ಆಗ್ತಾ ಬಂತು."

"ಅಮ್ಮಂಗೆ ನಾನು ಬೇಡ್ವಾ?"

ಅಯ್ಯೋ, ಎದೆ ಒಡೆದುಹೋಯಿತು! ಆದರೂ ನಿಂತೇ ಇದ್ದೆ. ಗೋಡೆ ನೋಡುತ್ತಾ. ಮರದ ಬೊಂಬೆ!

ಬಾಗಿಲು ತೆರೆಯಿತು. ಹಿಡಿಯ ಮೇಲೆ ಪುಟ್ಟ ಕೈ.

"ಅಮ್ಮಾ! ಇಲ್ಲೇ ಇದೀಯಾ? ಯಾಕೆ ಒಳಗೆ ಬರಲಿಲ್ಲ?"

"ತೆಗೀತಾರೆ ಅಂತ..."

"ಬೀಗಾನೇ ಇಲ್ವಲ್ಲಮ್ಮ. ನೂಕಬೇಕಿತ್ತು ಅಷ್ಟೇ!"

ನೂಕಬೇಕಿತ್ತು. ಇಷ್ಟು ವರ್ಷದಲ್ಲಿ ಒಂದು ಬಾಗಿಲನ್ನೂ ನಾನೇ ತೆಗೆದಿಲ್ಲ... ಅದು ಕೈಗೆ ಮರೆತೇಹೋಗಿತ್ತು. ಕೂತು ಒಂದು ಮಾತಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಪುಟ್ಟಿ ನನ್ನ ಅಂಗೈ ತೆಗೆದು ಕೆನ್ನೆಗಿಟ್ಟುಕೊಂಡಳು.

"ತಣ್ಣಗಿದೆ," ಎಂದಳು. ಎರಡೂ ಕೈಯಲ್ಲಿ ಉಜ್ಜಿದಳು. ಹೋಗುವವರೆಗೂ ಉಜ್ಜಿದಳು.

ಏಪ್ರಿಲ್ 11, ಬೆಳಿಗ್ಗೆ

ಇವತ್ತು ಮತ್ತೆ ಭೇಟಿ! ಗುಂಡುಸೂಜಿ ಹೊಲಿಗೆ ಕೋಣೆಯ ಸೀಮೆಸುಣ್ಣ ತಂದು ಗೋಡೆಗೆ ಬಾಗಿಲು ಬರೆದಿದ್ದಾಳೆ. "ನೂಕೇ, ಮಹಾರಾಣಿ!" ವಾರದಿಂದ ದಿನಾ ನೂಕಿಸುತ್ತಿದ್ದಾಳೆ. ಬ್ಯಾರಕ್‌ಗೆಲ್ಲ ನಗು. ನಿನ್ನೆ ಯಾರೂ ಹೇಳದೆ ದೊಡ್ಡಮ್ಮ ಎದ್ದುಬಂದು ತಾನೂ ಒಮ್ಮೆ ನೂಕಿದಳು. ಆಗ ಯಾರೂ ನಗಲಿಲ್ಲ.

ಅಂಗೈ ಉಜ್ಜಿಕೊಳ್ಳುತ್ತಲೇ ಇದ್ದೇನೆ. ಬೆಚ್ಚಗಾಗಿದೆ.

ಕರೆದರು! ಗೋಡೆಗೆ ಮುಖ ಮಾಡಿ ನಿಲ್ಲುವುದೇ ಇಲ್ಲ. ಈ ಸಲ ಬಾಗಿಲು ನಾನೇ —